ಕೋಚನ್ನು ಬದಲಿಸಿ ಅನ್ನುವ ಮೊದಲು

ಕಾಲೇಜು ಫುಟ್ಬಾಲ್ ತಂಡದ ಆಯ್ಕೆ ಹತ್ತಿರ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ನಮ್ಮ ಹುಡುಗರ ಬಾಯಲ್ಲಿ ಎರಡೇ ಪ್ರಶ್ನೆ. ಈ ಸಲ ಕಪ್ ಬರುತ್ತದಾ? ಬಾರದಿದ್ದರೆ ಕೋಚನ್ನು ಬದಲಿಸುತ್ತಾರಾ? ಇಶಾ ನಮಾಝ್ ಮುಗಿಸಿ ಚಹಾ ಅಂಗಡಿ ಮುಂದೆ ನಿಂತವರಲ್ಲಿ ಆಡುವವರು ಇಬ್ಬರಾದರೆ ಕೋಚಿಂಗ್ ಹೇಳುವವರು ಹತ್ತು ಮಂದಿ. ಮಾತಾಡಲಿ, ತಪ್ಪೇನಿಲ್ಲ. ಮೊಬೈಲ್ ಗೇಮ್ ಬಿಟ್ಟು ನಿಜವಾದ ಚೆಂಡಿನ ಬಗ್ಗೆ ಮಾತಾಡುವುದು ನಮಗೂ ಸಂತೋಷವೇ. ಆದರೆ ಮೊದಲ ಮ್ಯಾಚ್ ಸೋತ ಕೂಡಲೇ "ಸಾರ್‌ಗೆ ಏನೂ ಗೊತ್ತಿಲ್ಲ" ಎಂದು ತೀರ್ಪು ಕೊಡುವುದನ್ನು ಒಪ್ಪಲಿಕ್ಕಾಗದು.

ನಮ್ಮ ಕಾಲೇಜುಗಳಲ್ಲಿ ಕೋಚ್ ಎಂದರೆ ಯಾರು? ಬಹಳ ಕಡೆ ದೈಹಿಕ ಶಿಕ್ಷಣದ ಒಬ್ಬರೇ ಸಾರ್. ಕಬಡ್ಡಿಗೂ ಅವರೇ, ವಾಲಿಬಾಲಿಗೂ ಅವರೇ, ಕ್ರೀಡಾಕೂಟದ ದಿನ ಸುಣ್ಣದ ಗೆರೆ ಹಾಕಿಸುವವರೂ ಅವರೇ. ಹುಡುಗರು ಒಟ್ಟಾಗಿ ಅಭ್ಯಾಸ ಮಾಡುವುದು ಟೂರ್ನಿಗೆ ಕೆಲವೇ ದಿನ ಇರುವಾಗ. ಕಂಪ್ಲಿಯಿಂದ ಬರುವವನಿಗೆ ಸಂಜೆ ಬಸ್ಸಿನ ಚಿಂತೆ, ಸಂಡೂರಿನವನಿಗೆ ಮನೆ ಮುಟ್ಟುವ ಚಿಂತೆ. ಇಷ್ಟರಲ್ಲಿ ಕಪ್ ತರಬೇಕೆಂದು ಹಟ ಹಿಡಿದರೆ ಹೇಗೆ?

ದೊಡ್ಡ ತಂಡದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನಡೆದದ್ದು ಬೆಂಗಳೂರಿನಲ್ಲಲ್ಲ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ವಿಜಯನಗರದಲ್ಲಿ. 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾದದ್ದೂ ಅಲ್ಲೇ. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ಅಷ್ಟೆ. ಈ ಕ್ಲಬ್ 2018ರ ಮಾರ್ಚ್‌ನಲ್ಲಿ ಸ್ವಂತ ಊರಲ್ಲೇ ಐಎಸ್‌ಎಲ್ ಫೈನಲನ್ನು ಚೆನ್ನೈಯಿನ್ ಎದುರು 2-3ರಿಂದ ಸೋತಿತು. ಕೋಚ್ ಆಲ್ಬರ್ಟ್ ರೋಕಾ ಹೊರಟರು. ಆಗ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಹೊಣೆ ಕೊಟ್ಟರು. ಮರುವರ್ಷ 2019ರ ಮಾರ್ಚ್‌ನಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಕಪ್ ಗೆದ್ದರು. ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲದು.

ಇನ್ನೊಂದು ನೋಡಿ. ಸೈಮನ್ ಗ್ರೇಸನ್ ಕೋಚಾಗಿದ್ದಾಗ 2022-23ರ ಅರ್ಧ ಋತುವಿನಲ್ಲಿ ತಂಡ ಪಟ್ಟಿಯ ಕೆಳಗಿತ್ತು. ಅದೇ ತಂಡ ಲೀಗಿನ ಕೊನೆಯ 8 ಪಂದ್ಯಗಳನ್ನು ಸಾಲಾಗಿ ಗೆದ್ದು ಫೈನಲಿಗೆ ಹೋಯಿತು. ಅವರ ನಂತರ ಬಂದ ಜೆರಾರ್ಡ್ ಝರಗೋಝಾ ಕೈಯಲ್ಲಿ 2023-24ರಲ್ಲಿ ತಂಡಕ್ಕೆ ಸಿಕ್ಕಿದ್ದು 12ರಲ್ಲಿ 10ನೇ ಸ್ಥಾನ. ಮುಂದಿನ ಋತುವಿನಲ್ಲಿ ಅದೇ ಕೋಚ್, ಫೈನಲ್. ಎರಡೂ ಫೈನಲ್ ಸೋತರು, ನಿಜ. ಆದರೆ ನಡುವೆ ಪಟ್ಟಿ ನೋಡಿ ಕೈಬಿಟ್ಟಿದ್ದರೆ ಫೈನಲ್ ತನಕ ಬರುವುದೂ ಇರಲಿಲ್ಲ.

ತಾಳ್ಮೆಯ ಲೆಕ್ಕ ಬೇಕಿದ್ದರೆ ಸಂತೋಷ್ ಟ್ರೋಫಿ ನೆನಪಿಸಿಕೊಳ್ಳೋಣ. ಮೈಸೂರು ಹೆಸರಲ್ಲಿ 1968-69ರಲ್ಲಿ ಗೆದ್ದ ಕಪ್ ಕರ್ನಾಟಕಕ್ಕೆ ಮತ್ತೆ ಸಿಕ್ಕಿದ್ದು 54 ವರ್ಷದ ಮೇಲೆ, 2023ರ ಮಾರ್ಚ್ 4ರಂದು. ಅದೂ ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2ರಿಂದ.

ಹಾಗೆಂದು ಕೋಚನ್ನು ಪ್ರಶ್ನಿಸಲೇಬಾರದೆಂದು ನಾವು ಹೇಳುತ್ತಿಲ್ಲ. ಅಭ್ಯಾಸಕ್ಕೆ ಬಾರದಿದ್ದರೆ, ತನ್ನವರನ್ನೇ ಆಡಿಸಿದರೆ, ಗಾಯಗೊಂಡವನನ್ನು ಮೈದಾನಕ್ಕೆ ದೂಡಿದರೆ ಕೇಳಲೇಬೇಕು. ಪ್ರಾಂಶುಪಾಲರ ಕೋಣೆಗೆ ಹೋಗಿ ಮರ್ಯಾದೆಯಿಂದ ಕೇಳಬೇಕು. ಗೋಲಿನ ಲೆಕ್ಕ ಹಿಡಿದು ಬೀದಿಯಲ್ಲಿ ಬೈಯುವುದು ಬೇರೆ. ಇದು ಮದ್ರಸದಲ್ಲಿ ಕೂತ ನಮಗೆ ಚೆನ್ನಾಗಿ ಗೊತ್ತು. ಮಗುವಿಗೆ ಪಾಠ ಬಾರದಿದ್ದರೆ ಮನೆಯಲ್ಲಿ ಒಂದು ದಿನ ಪುಸ್ತಕ ಬಿಡಿಸಿದರಾ ಎಂದು ಯಾರೂ ಕೇಳುವುದಿಲ್ಲ, ಶವ್ವಾಲಿಗೆ ಹೊಸ ಉಸ್ತಾದ್ ಬರಲಿ ಅನ್ನುತ್ತಾರೆ.

ಬೈಗುಳ ಕೊನೆಗೆ ಬೀಳುವುದು ಕೋಚಿನ ಮೇಲಲ್ಲ, ಹುಡುಗನ ಮೇಲೆ. ಗೋಲ್ ಬಿಟ್ಟುಕೊಟ್ಟ ಒಬ್ಬ ಹುಡುಗ ವಾರಗಟ್ಟಲೆ ಮೈದಾನದ ಕಡೆ ಸುಳಿಯದಿದ್ದುದನ್ನು ನಾವು ಕಂಡಿದ್ದೇವೆ. ಆಟ ಬಿಟ್ಟವನು ಸಂಜೆ ಎಲ್ಲಿ ಕೂರುತ್ತಾನೆ, ಯಾರ ಜೊತೆ ಕೂರುತ್ತಾನೆ ಎಂಬುದು ತಂದೆ ತಾಯಂದಿರ ಚಿಂತೆ. ಆ ಚಿಂತೆಯ ಮುಂದೆ ಒಂದು ಕಪ್ ಎಷ್ಟರದು?

ಆದ್ದರಿಂದ ಈ ಸಲ ಕೋಚ್ ಯಾರು ಎಂದು ಕೇಳುವ ಮೊದಲು ಬೇರೆ ಮೂರು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ದಿನ ಅಭ್ಯಾಸ? ಹುಡುಗರಿಗೆ ಬೂಟು, ಬಸ್ ಚಾರ್ಜು ಯಾರು ಕೊಡುತ್ತಾರೆ? ಪರೀಕ್ಷೆಗೆ ಓದುವ ಹೊತ್ತು ಉಳಿದಿದೆಯಾ? ಊರಿನ ಅನುಕೂಲಸ್ಥರು ಎರಡನೆಯದನ್ನು ಹೊರಲಿ. ಮನೆಯವರು ಮೂರನೆಯದನ್ನು ನೋಡಿಕೊಳ್ಳಲಿ. ಮೊದಲನೆಯದನ್ನು ಸಾರ್‌ಗೆ ಬಿಡೋಣ. ಹೋದ ಸಲ ಮೊದಲ ಸುತ್ತಲ್ಲಿ ಸೋತ ತಂಡ ಈ ಸಲ ಎರಡನೇ ಸುತ್ತು ಮುಟ್ಟಿದರೆ ಮಕ್ಕಳ ಬೆನ್ನು ತಟ್ಟೋಣ. ಕಪ್ ನಿಧಾನಕ್ಕೆ ಬರಲಿ.