ಕೋಲು ನೆಟ್ಟರೆ ಹಾಲಕ್ಕಿಗಾತು, ನತ್ತಿಂಗಕ್ಕೆ?

ಹುಬ್ಬಳ್ಳಿ-ಧಾರವಾಡದ ಸುತ್ತ ಕಡಲೆ ಹೊಲದಲ್ಲಿ ಕಾಯಿಕೊರಕ ಬಂತೆಂದರೆ ‘ಟಿ’ ಆಕಾರದ ಕೋಲು ನೆಡ್ತೀವಿ. ಹಗಲು ಕಾಜಾಣ, ರಾತ್ರಿ ಹಾಲಕ್ಕಿ ಕೂತು ಹುಳ ಹಿಡೀತಾವ. ಒಳ್ಳೇದೇ. ಆದ್ರೆ ಅಲ್ಲಿಗೆ ಹಕ್ಕಿ ಕೆಲಸ ಮುಗೀತು ಅನ್ನೋದನ್ನ ನಾನು ಒಪ್ಪಲ್ಲ.

ಹಾಲಕ್ಕಿಗೆ ಮರದ ಪೊಟರೆ ಸಾಕು, ಹುಳದ ಜೊತೆ ಇಲಿ, ಹಲ್ಲಿಯೂ ನಡೆಯುತ್ತದೆ. ನೈಟ್‌ಜಾರ್ ಅಂತಾರಲ್ಲ, ಆ ನತ್ತಿಂಗ ಬೇರೆ. ರಾತ್ರಿ ಹೊಲದ ದಾರಿಯಲ್ಲಿ ಬೈಕಿನ ಲೈಟಿಗೆ ಕೆಂಪಗೆ ಹೊಳೆಯುವ ಕಣ್ಣು ಅದರದೇ. ಅಗಲವಾಗಿ ಬಾಯಿ ತೆರೆದು, ಹಾರುತ್ತಲೇ ಪತಂಗ ನುಂಗುತ್ತದೆ. ಕಾಯಿಕೊರಕದ ತಾಯಿಯೂ ರಾತ್ರಿ ಹಾರುವ ಪತಂಗವೇ! ನತ್ತಿಂಗ ಗೂಡು ಕಟ್ಟೋದಿಲ್ಲ, ಬರೀ ನೆಲದ ಮೇಲೆ ಎರಡು ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಚ್ಚಿದರೆ ಮೊಟ್ಟೆ ಅಲ್ಲೇ ಸುಡುತ್ತದೆ. ಈ ಸಲ ಒಂದಾದರೂ ಬದು ಸುಡದೆ ಬಿಡಿ, ರಾತ್ರಿ ಬೈಕ್ ನಿಧಾನ ಹೊಡೀರಿ.