ಭೇದ ಬೇರೆ, ವೈರ ಬೇರೆ

ದೇವೇಂದ್ರನಿಗೆ ಇಂದ್ರ, ಶಕ್ರ, ಪುರಂದರ ಎಂಬ ಹೆಸರುಗಳುಂಟು. ನಿಘಂಟಿನಲ್ಲಿ ಇವು ಪರ್ಯಾಯಪದಗಳು. ಆದರೆ ಜೈನ ತರ್ಕಶಾಸ್ತ್ರವು ಹೇಳುವ ಏಳು ನಯಗಳಲ್ಲಿ ಆರನೆಯದಾದ ಸಮಭಿರೂಢ ನಯವು ಇದನ್ನು ಒಪ್ಪುವುದಿಲ್ಲ. ಐಶ್ವರ್ಯವುಳ್ಳವನಾದುದರಿಂದ ಇಂದ್ರ, ಸಮರ್ಥನಾದುದರಿಂದ ಶಕ್ರ, ಪುರಗಳನ್ನು ಭೇದಿಸಿದುದರಿಂದ ಪುರಂದರ. ಪದ ಬೇರೆಯಾದ ಮೇಲೆ ಅರ್ಥವೂ ಬೇರೆಯಾಗಲೇಬೇಕೆಂಬುದು ಅದರ ನಿಲುವು. ಮೇಲ್ನೋಟಕ್ಕೆ ಇದು ವೈಯಾಕರಣರಿಗೆ ಮಾತ್ರ ಬೇಕಾದ ಸೂಕ್ಷ್ಮತೆಯಂತೆ ಕಂಡೀತು. ಮನುಷ್ಯರ ನಡುವಣ ಒಡಕನ್ನು ಹೇಳುವ ಪದಗಳತ್ತ ಇದೇ ದೃಷ್ಟಿಯನ್ನು ತಿರುಗಿಸಿದಾಗ ಅದರ ಬೆಲೆ ತಿಳಿಯುತ್ತದೆ. ಮತಭೇದ, ವಾದ, ವಿಸಂವಾದ, ಕಲಹ, ವೈರ ಇವೆಲ್ಲವನ್ನೂ ಲೋಕರೂಢಿಯು ‘ಅವರಿಬ್ಬರಿಗೂ ಆಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತದೆ. ಶಾಸ್ತ್ರಕಾರರು ಹಾಗೆ ಕಟ್ಟಿಲ್ಲ.

ಮತಭೇದ ಮಾತ್ರದಿಂದ ದೋಷ ಬರುತ್ತದೆಂದು ಅನೇಕಾಂತ ದರ್ಶನವು ಹೇಳುವುದಿಲ್ಲ. ವಸ್ತುವು ಅನಂತಧರ್ಮಾತ್ಮಕ. ದ್ರವ್ಯವನ್ನು ನೋಡಿದವನು ಅದನ್ನು ನಿತ್ಯವೆಂದರೆ, ಪರ್ಯಾಯವನ್ನು ನೋಡಿದವನು ಅನಿತ್ಯವೆನ್ನುತ್ತಾನೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ತಪ್ಪನ್ನು ಗುರುತಿಸುವುದು ಬೇರೊಂದು ಎಡೆಯಲ್ಲಿ: ಮತ್ತೊಂದರ ಅಪೇಕ್ಷೆಯನ್ನು ತೊರೆದ ನಯವು ಮಿಥ್ಯೆಯಾಗುತ್ತದೆ. ಪಂಚಾಮೃತದಿಂದ ಅಭಿಷೇಕ ನಡೆಯಬೇಕೆನ್ನುವ ಶ್ರಾವಕನೂ ಶುದ್ಧ ಜಲವೇ ಸಾಕೆನ್ನುವ ಶ್ರಾವಕನೂ ಒಂದೇ ಜಿನಬಿಂಬದ ಮುಂದೆ ಕೈಮುಗಿದು ನಿಂತಿರುತ್ತಾರೆ. ಅಲ್ಲಿಯವರೆಗೆ ಅದು ಮತಭೇದ. ‘ಅವನು ಜೈನನೇ ಅಲ್ಲ’ ಎಂಬ ಮಾತು ಹೊರಟ ಕ್ಷಣದಲ್ಲಿ ಅದು ದುರ್ನಯ.

ವಾದವೂ ನಿಂದ್ಯವಲ್ಲ. ನೈಯಾಯಿಕರು ಜಲ್ಪ, ವಿತಂಡಗಳಲ್ಲಿ ಛಲಕ್ಕೂ ಜಾತಿಗೂ ಎಡೆಗೊಟ್ಟರೆ, ಅಕಲಂಕದೇವರು ಅಂಥ ಉಪಾಯಗಳನ್ನು ಒಪ್ಪಲಿಲ್ಲ. ತನ್ನ ಪಕ್ಷವನ್ನು ಪ್ರಮಾಣದಿಂದ ಸಿದ್ಧಪಡಿಸಿದರೆ ಮಾತ್ರ ಜಯ. ಎದುರಾಳಿಯ ಬಾಯಿ ಕಟ್ಟಿಸಿದ್ದು ಜಯವಲ್ಲ.

ವಿಸಂವಾದದ ವಿಷಯ ಇವೆರಡಕ್ಕಿಂತ ಗಂಭೀರವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಭಾವನೆಗಳನ್ನು ಹೇಳುವಾಗ ಉಮಾಸ್ವಾಮಿಗಳು ಸಧರ್ಮಾವಿಸಂವಾದವನ್ನು, ಎಂದರೆ ಸಹಧರ್ಮಿಗಳೊಡನೆ ವಿಸಂವಾದಕ್ಕಿಳಿಯದಿರುವುದನ್ನು, ಒಂದು ಭಾವನೆಯಾಗಿ ಎಣಿಸಿದ್ದಾರೆ. ಅದು ಬಂದಿರುವುದು ಅಹಿಂಸೆಯ ಕೆಳಗಲ್ಲ, ಸತ್ಯದ ಕೆಳಗೂ ಅಲ್ಲ. ಅಚೌರ್ಯ ವ್ರತದ ಕೆಳಗೆ. ಜಗಳಕ್ಕೂ ಕಳ್ಳತನಕ್ಕೂ ಏನು ನಂಟು? ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಗಂಟನ್ನು ಬಿಡಿಸುತ್ತಾರೆ. ‘ಇದು ನನ್ನದು, ಅದು ನಿನ್ನದು’ ಎಂಬ ರೂಪದ ತಗಾದೆಯೇ ಇಲ್ಲಿನ ವಿಸಂವಾದ. ತತ್ತ್ವದ ಮೇಲಿನ ಭಿನ್ನಾಭಿಪ್ರಾಯಕ್ಕೆ ಇಲ್ಲಿ ಎಡೆಯಿಲ್ಲ. ಎಲ್ಲವನ್ನೂ ತ್ಯಜಿಸಿ ಬಂದ ಮುನಿಗಳಿಗೆ ಈ ಎಚ್ಚರಿಕೆ ಬೇಕಾಯಿತೆಂಬುದು ಯೋಚಿಸತಕ್ಕ ಸಂಗತಿ. ಮುನಿಗಳಿಗೇ ಬೇಕಾದರೆ ಗೃಹಸ್ಥರ ಪಾಡೇನು? ಮಹೋತ್ಸವದಲ್ಲಿ ಮೊದಲ ಕಲಶ ಯಾರದು, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಆಡಳಿತ ಸಮಿತಿಯ ಬೀಗದ ಕೈ ಯಾರ ಮನೆಯಲ್ಲಿ ಎಂದು ಏರುವ ಧ್ವನಿಗಳು ಬಹುಮಟ್ಟಿಗೆ ಸಿದ್ಧಾಂತದ ಭಾಷೆಯನ್ನೇ ಆಡುತ್ತವೆ. ಆಗಮ, ಪರಂಪರೆ, ಗುರುಗಳ ಅಪ್ಪಣೆ ಎಲ್ಲವೂ ಅಲ್ಲಿ ಬರುತ್ತವೆ. ಮೇಲಿನ ಹೊದಿಕೆಯನ್ನು ತೆಗೆದರೆ ಉಳಿಯುವುದು ‘ನನ್ನದು’ ಎಂಬ ಒಂದು ಪದ. ಎಲ್ಲರಿಗೂ ಸೇರಿದುದನ್ನು ಒಬ್ಬನು ತನ್ನದೆನ್ನುವಾಗ ಅದಕ್ಕೆ ಕಳವಿನ ವಾಸನೆ ತಗುಲದಿರುವುದು ಹೇಗೆ?

ಕಲಹವು ವಚನದಲ್ಲಿ ಹುಟ್ಟುತ್ತದೆ. ಸತ್ಯಪ್ರವಾದ ಪೂರ್ವದ ವಿಷಯವನ್ನು ವಿವರಿಸುವಲ್ಲಿ ರಾಜವಾರ್ತಿಕವೂ, ಮೂಡುಬಿದಿರೆಯ ತಾಳೆಗರಿಗಳು ಶತಮಾನಗಳ ಕಾಲ ಕಾಪಾಡಿದ ಧವಲಾ ಟೀಕೆಯೂ ಹನ್ನೆರಡು ಬಗೆಯ ವಚನಗಳನ್ನು ಹೆಸರಿಸುತ್ತವೆ. ಅವುಗಳಲ್ಲಿ ಅಭ್ಯಾಖ್ಯಾನ, ಕಲಹ, ಪೈಶುನ್ಯಗಳು ಅಕ್ಕಪಕ್ಕದಲ್ಲಿವೆ. ಮಾಡದುದನ್ನು ಮಾಡಿದನೆಂದು ಹೊರಿಸುವುದು ಅಭ್ಯಾಖ್ಯಾನ, ಬೆನ್ನ ಹಿಂದೆ ದೋಷವನ್ನಾಡುವುದು ಪೈಶುನ್ಯ. ಶ್ವೇತಾಂಬರರ ಹದಿನೆಂಟು ಪಾಪಸ್ಥಾನಗಳಲ್ಲಿಯೂ ಇವು ಮೂರನ್ನೂ ಬೇರೆಬೇರೆಯಾಗಿಯೇ ಎಣಿಸಿದೆ. ಎದುರಿಗೆ ನಿಂತು ಜಗಳವಾಡಿದವನು ಕಲಹದ ದೋಷಕ್ಕೆ ಮಾತ್ರ ಭಾಗಿ. ಮನೆಗೆ ಬಂದು ದೂರವಾಣಿ ಹಿಡಿದವನು ಪೈಶುನ್ಯವನ್ನೂ ಸೇರಿಸಿಕೊಳ್ಳುತ್ತಾನೆ. ಪ್ರಾಯಶ್ಚಿತ್ತಕ್ಕೆ ಕುಳಿತವನಿಗೆ ಈ ಲೆಕ್ಕ ಸ್ಪಷ್ಟವಿರಬೇಕಾಗುತ್ತದೆ.

ಕಲಹ ಮುಗಿದ ಮೇಲೆಯೂ ಉಳಿಯುವುದು ವೈರ. ಎಷ್ಟು ಕಾಲ ಉಳಿಯುತ್ತದೆಂಬುದಕ್ಕೂ ಅಳತೆಯಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧದ ತೀವ್ರತೆಯನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತಾರೆ: ಶಿಲೆಯ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಮೇಲಿನ ಗೆರೆ. ಅದೇ ಗ್ರಂಥದ ಕರ್ಮಕಾಂಡದ ಪ್ರಕಾರ ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನು ಮೀರಿದ್ದು ಅನಂತಾನುಬಂಧಿ, ಭವಭವಗಳಿಗೆ ಹಬ್ಬುವಂಥದು. ಶ್ವೇತಾಂಬರ ಕರ್ಮಗ್ರಂಥಗಳು ಇದೇ ನಾಲ್ಕಕ್ಕೆ ಪಕ್ಷ, ನಾಲ್ಕು ತಿಂಗಳು, ವರ್ಷ, ಜೀವಮಾನ ಎಂಬ ಅವಧಿಯನ್ನು ಹೇಳುತ್ತವೆ. (ಇದೂ ಒಂದು ಮತಭೇದವೇ. ಕ್ರೋಧದ ಅವಧಿಯ ಬಗೆಗೆ ಯಾರೂ ಕ್ರೋಧಗೊಳ್ಳದಿರುವುದು ಸಮಾಧಾನದ ಸಂಗತಿ.) ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಾಣಿಯಂದು ಊರಿನವರಿಗೆಲ್ಲ ಕೈಮುಗಿದು ಕ್ಷಮೆ ಬೇಡುವ ಅಣ್ಣನು, ಎಂದೋ ಆದ ಹೊಲದ ಹಂಚಿಕೆಯ ನೆನಪಿನಿಂದ ತಮ್ಮನ ಬಾಗಿಲನ್ನು ಮಾತ್ರ ದಾಟಿಹೋಗುವುದುಂಟು. ‘ನನಗೆ ಸಿಟ್ಟೇನೂ ಇಲ್ಲ, ಮಾತಿಲ್ಲ ಅಷ್ಟೆ’ ಎನ್ನುತ್ತಾನೆ. ಗೊಮ್ಮಟಸಾರದ ಕಾಲಗಣನೆಯಲ್ಲಿ ಆ ಮೌನಕ್ಕೆ ಯಾವ ಹೆಸರು ಸಲ್ಲುತ್ತದೆಂಬುದನ್ನು ಅವನೇ ನೋಡಿಕೊಳ್ಳಬೇಕು.

ಭೇದವನ್ನು ಅಳಿಸದೆಯೂ ವಿವಾದವನ್ನು ಮುಗಿಸಬಹುದೆಂಬುದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಒಂದು ಶಾಸನವಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ವಿವಾದ ತಲೆದೋರಿ, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಅಲ್ಲಿ ಮುಖ್ಯವಾಗಿತ್ತು. ಪೂಜ್ಯಪಾದರು ಹೇಳಿದ ‘ನನ್ನದು, ನಿನ್ನದು’ ಎಂಬುದೇ. ಯಾರ ತತ್ತ್ವ ಹೆಚ್ಚಿನದೆಂಬ ವಿಚಾರಣೆಗೆ ಅರಸನು ಕೈಹಾಕಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನ ದರ್ಶನಕ್ಕೆ ಹಿಂದಿನಂತೆಯೇ ವಾದ್ಯ ಕಲಶಗಳು ಸಲ್ಲಬೇಕು, ಅದಕ್ಕಾಗುವ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಬಗೆಯಬೇಕು ಎಂದು ಕಟ್ಟುಮಾಡಿದನು. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡತಕ್ಕದ್ದು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸುವುದೂ, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದೂ ತಿರುಮಲೆಯ ತಾತಯ್ಯನ ಹೊಣೆಯಾಯಿತು.