ಮನೆ ಖಾಲಿ ಇದೆ, ನಿಮಗಲ್ಲ: ಉತ್ತರ ಬೆಂಗಳೂರು ಬಾಡಿಗೆದಾರರ ಹಕ್ಕೊತ್ತಾಯ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರು ಹಾಗೂ ನಗರ ಪೊಲೀಸ್ ಆಯುಕ್ತರಿಗೆ,

ಆರ್.ಟಿ. ನಗರವೆಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಕವಿಯ ಹೆಸರಿಟ್ಟ ಆ ಬಡಾವಣೆಯಲ್ಲೂ ಟು-ಲೆಟ್ ಬೋರ್ಡು ನೋಡಿ ಬೆಲ್ ಒತ್ತಿದವರಿಗೆ ಅಡ್ವಾನ್ಸ್ ಎಷ್ಟೆಂದು ಹೇಳುವ ಮೊದಲೇ ಕೇಳುತ್ತಾರೆ: "ನೀವು ಯಾವ ಜನ?" ಆಮೇಲೆ, "ಮೊಟ್ಟೆಗಿಟ್ಟೆ ಮಾಡ್ತೀರಾ?" ಹೆಸರು ಕೇಳಿದ ಮೇಲೆ, "ಮನೆ ಆಗಲೇ ಕೊಟ್ಟಾಯ್ತು." ಮುಂದಿನ ಭಾನುವಾರವೂ ಬೋರ್ಡು ಗೇಟಿನ ಮೇಲೇ ಇರುತ್ತದೆ. ಹೆಬ್ಬಾಳ, ಯಲಹಂಕ, ಯಶವಂತಪುರಗಳಲ್ಲೂ ದಲಿತರು, ಮುಸ್ಲಿಮರು, ಒಂಟಿ ಹೆಂಗಸರು, ಲಿಂಗತ್ವ ಅಲ್ಪಸಂಖ್ಯಾತರು, ಈಶಾನ್ಯ ರಾಜ್ಯದವರು ಇದೇ ಉತ್ತರ ಕೇಳಿಕೊಂಡು ಹಿಂತಿರುಗುತ್ತಿದ್ದಾರೆ.

ಹೊರಗಿನವರೆಂಬ ಈ ಹಣೆಪಟ್ಟಿ ಗೇಟಿನ ಹತ್ತಿರವೇ ನಿಲ್ಲುವುದಿಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ರೈಲು ಹತ್ತಿ ಈ ನಗರ ಬಿಟ್ಟರು. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ, ಇನ್ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕರಿಗೂ ಕೊಟ್ಟಿದೆ. ಅದನ್ನು ಕಾಯುವ ಹೊಣೆ ನಿಮ್ಮದು. ಆದ್ದರಿಂದ ಒತ್ತಾಯಿಸುತ್ತೇವೆ:

1. ಜಾತಿ, ಧರ್ಮ, ಭಾಷೆ, ಹುಟ್ಟೂರು, ಲಿಂಗತ್ವ, ವೈವಾಹಿಕ ಸ್ಥಿತಿ ಅಥವಾ ಊಟದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಅಪರಾಧವೆಂದು ಸಾರುವ ಕಾನೂನನ್ನು ವಿಧಾನಮಂಡಲ ಮಾಡಬೇಕು.

2. ಅಸ್ಪೃಶ್ಯತೆಯ ಕಾರಣಕ್ಕೆ ಮನೆ ತಪ್ಪಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗಿರುವುದರಿಂದ, ಠಾಣೆಗಳು ರಾಜಿ ಪಂಚಾಯಿತಿ ಮಾಡದೆ ಎಫ್‌ಐಆರ್ ದಾಖಲಿಸಬೇಕು.

3. ಲಿಂಗತ್ವ ಅಲ್ಪಸಂಖ್ಯಾತರಿಗೆ ಬಾಡಿಗೆ ಮನೆ ನಿರಾಕರಿಸಬಾರದೆಂಬ 2019ರ ಕೇಂದ್ರ ಕಾಯ್ದೆಯ ನಿಯಮವನ್ನು ಪ್ರತಿ ವಾರ್ಡ್ ಕಚೇರಿಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು.

4. ಜಾತಿ, ಧರ್ಮ ನಮೂದಿಸಿ ಮನೆ ತೋರಿಸುವ ಬ್ರೋಕರ್‌ಗಳಿಗೂ ಆ್ಯಪ್‌ಗಳಿಗೂ ದಂಡ ವಿಧಿಸಬೇಕು.

5. ಅವಿವಾಹಿತರಿಗೂ ಅವರ ಅತಿಥಿಗಳಿಗೂ ಬೇರೆ ನಿಯಮ ಹೇರುವ ಅಪಾರ್ಟ್‌ಮೆಂಟ್ ಸಂಘಗಳ ಬೈಲಾಗಳನ್ನು ರದ್ದುಪಡಿಸಬೇಕು.

6. ಕರ್ನಾಟಕ ಗೃಹ ಮಂಡಳಿ ಮತ್ತು ಬಿಡಿಎ ಇನ್ನು ಮುಂದೆ ಹಂಚುವ ಪ್ರತಿ ಮನೆ, ನಿವೇಶನದ ಕ್ರಯಪತ್ರದಲ್ಲಿ ಬಾಡಿಗೆದಾರರಲ್ಲಿ ತಾರತಮ್ಯ ಮಾಡಬಾರದೆಂಬ ಷರತ್ತು ಸೇರಿಸಬೇಕು.

7. ಬಾಡಿಗೆದಾರರ ಪೊಲೀಸ್ ಪರಿಶೀಲನೆ ಗುರುತಿನ ಚೀಟಿ ಮತ್ತು ವಿಳಾಸಕ್ಕಷ್ಟೇ ಸೀಮಿತವಾಗಿರಬೇಕು.

8. ಹಲ್ಲೆಗೆ ಗುಂಪು ಸೇರಿದ ಸುದ್ದಿ ಬಂದ ಮೇಲೂ ತಡವಾಗಿ ಹೋಗುವ ಪೊಲೀಸ್ ಅಧಿಕಾರಿಯನ್ನು ಇಲಾಖಾ ವಿಚಾರಣೆಗೆ ಒಳಪಡಿಸಬೇಕು.

9. ಇಂಥ ದೂರುಗಳಿಗೆ 30 ದಿನಗಳಲ್ಲಿ ಪರಿಹಾರ ಕೊಡುವ ಘಟಕವನ್ನು ಉತ್ತರ ಬೆಂಗಳೂರಿನಲ್ಲೇ ತೆರೆದು, ಬಂದ ಹಾಗೂ ಇತ್ಯರ್ಥವಾದ ದೂರುಗಳ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು.

ನಾವು ಬಾಡಿಗೆ ಕಟ್ಟುತ್ತೇವೆ, ಕರೆಂಟ್ ಬಿಲ್ ಕಟ್ಟುತ್ತೇವೆ, ತೆರಿಗೆ ಕೊಡುತ್ತೇವೆ. ಅವನ್ನು ಕಟ್ಟಿಸಿಕೊಳ್ಳುವಾಗ ಯಾವ ಕೌಂಟರಿನಲ್ಲೂ ನಮ್ಮ ಜಾತಿ ಕೇಳಿಲ್ಲ. ಈ ಪತ್ರಕ್ಕೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ಉತ್ತರ ಬೆಂಗಳೂರಿನ ಬಾಡಿಗೆದಾರರು